ಆಪರೇಷನ್ ಯಾರಿಗೆ? ಗಂಡಸರ ಸರದಿ ಹೆಂಗಸರ ಪಾಲಿಗೆ ಬಂದ ಕಥೆ

ನಮ್ಮ ಊರುಗಳಲ್ಲಿ ಬಾಣಂತಿಯೊಬ್ಬಳನ್ನು "ಆಪರೇಷನ್ ಆಯ್ತಾ?" ಅಂತ ಕೇಳಿದರೆ, ಯಾವ ಆಪರೇಷನ್ ಅಂತ ಅವಳು ತಿರುಗಿ ಕೇಳುವುದಿಲ್ಲ. ಅದೇ ಮಾತನ್ನು ಅವಳ ಗಂಡನಿಗೆ ಕೇಳಿ ನೋಡಿ. ಹರ್ನಿಯಾದ್ದೋ ಅಪೆಂಡಿಕ್ಸ್‌ದೋ ಅಂತ ಗಾಬರಿಯಾಗುತ್ತಾನೆ. ಮಕ್ಕಳು ಸಾಕು ಅನ್ನುವ ತೀರ್ಮಾನ ಇಬ್ಬರದೂ ಆದರೂ ಆಪರೇಷನ್ ಅಂದರೆ ಹೆಂಡತಿಯದು ಅಂತ ಮಾತಿನಲ್ಲೇ ನಿಶ್ಚಯವಾಗಿಬಿಟ್ಟಿದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಸಾಲಿನಲ್ಲಿ ಇರುವುದು ಸೊನ್ನೆ. ದಶಮಾಂಶದ ಒಂದು ಸ್ಥಾನದವರೆಗೆ ಬರೆದರೂ ಸೊನ್ನೆಯೇ. ಇಡೀ ದೇಶದಲ್ಲಿ ಹೆಂಗಸರದು ಶೇ. 37.9, ಗಂಡಸರದು ಶೇ. 0.3.

ಇದು ಹಿಂದಿನಿಂದ ಬಂದ ಪದ್ಧತಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ 1960ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ನಡೆಯುತ್ತಿದ್ದ ಈ ಆಪರೇಷನ್‌ಗಳಲ್ಲಿ ಹೆಚ್ಚಿನವು ಗಂಡಸರದೇ. ನಮ್ಮ ಅಜ್ಜಂದಿರ ಕಾಲದಲ್ಲಿ ಗಂಡಸರು ಸಾಲು ನಿಂತಿದ್ದರು. ಆ ಸಾಲು ಹೇಗೆ ಖಾಲಿಯಾಯಿತು ಅನ್ನುವುದು ತಿಳಿದರೆ, ಇವತ್ತು ಮಕ್ಕಳು ಸಾಕು ಅಂದುಕೊಂಡಿರುವ ದಂಪತಿಗಳಿಗೆ ತಮ್ಮ ಮುಂದಿರುವ ದಾರಿಗಳು ಸ್ವಲ್ಪ ಸ್ಪಷ್ಟವಾಗಿ ಕಾಣಬಹುದು.

ಶುರುವಾದದ್ದು ನಮ್ಮಲ್ಲೇ

1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆದದ್ದು ಪ್ರಪಂಚದಲ್ಲೇ ಮೊದಲು ಅಂತ ಜನಸಂಖ್ಯೆಯ ಚರಿತ್ರೆ ಬರೆದವರು ಹೇಳುತ್ತಾರೆ. ಆ ಕಾಲದಲ್ಲಿ ಎಷ್ಟೋ ದೇಶಗಳಲ್ಲಿ ಈ ವಿಷಯ ಬಾಯಿಬಿಟ್ಟು ಆಡುವುದೇ ತಪ್ಪಾಗಿತ್ತು. ಗಾಂಧೀಜಿಯವರಿಗೂ ಇದು ಒಪ್ಪಿಗೆ ಇರಲಿಲ್ಲ. ಸಂಯಮ ಒಂದೇ ದಾರಿ ಅನ್ನುವುದು ಅವರ ನಿಲುವು.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ದೇಶದ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧಿ ಅನುಯಾಯಿ. ಔಷಧಿ, ಸಲಕರಣೆ ಯಾವುದೂ ಬೇಡ, ತಿಂಗಳ ಲೆಕ್ಕ ಇಟ್ಟುಕೊಂಡು ಕೆಲವು ದಿನ ದೂರ ಇರುವ ವಿಧಾನವನ್ನು ಮೊದಲು ಪರೀಕ್ಷೆ ಮಾಡೋಣ ಅಂದರು. ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಪರೀಕ್ಷೆಗೆ ಆರಿಸಿದ ಎರಡು ಜಾಗಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ.

ರಾಮನಗರದ ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಬಂತು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದ ದಿನ ಭಯವಿಲ್ಲ, ಕೆಂಪು ಮಣಿ ಬಂದ ದಿನ ದೂರ ಇರಬೇಕು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಎಲ್ಲ ಹೆಂಗಸರ ಮುಟ್ಟೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಮಣಿ ಸರಿಸಲು ಮರೆಯುವುದುಂಟು, ಕೆಂಪು ಮಣಿ ಇದೆ ಅಂತ ಹೆಂಡತಿ ಹೇಳಿದರೆ ಕೇಳುವ ಗಂಡನೂ ಬೇಕು. ಬಹುಪಾಲು ದಂಪತಿಗಳು ಕೊನೆವರೆಗೆ ಪಾಲಿಸಲಿಲ್ಲ. ಪ್ರಯೋಗ ಅಲ್ಲಿಗೆ ನಿಂತಿತು.

ಗಂಡಸರು ಸಾಲು ನಿಂತ ಕಾಲ

1965ರಲ್ಲಿ 'ಲೂಪ್' ಬಂತು. ಗರ್ಭಕೋಶದೊಳಗೆ ಇಡುವ ಪ್ಲಾಸ್ಟಿಕ್ ಸಾಧನ. ನಮ್ಮ ಕಡೆ ಇದಕ್ಕೆ ವಂಕಿ ಅಂದರು. ಮೊದಮೊದಲು ಬಹಳ ಮಂದಿ ಹಾಕಿಸಿಕೊಂಡರು. ರಕ್ತಸ್ರಾವ, ಹೊಟ್ಟೆನೋವು ಅಂತ ಬಂದವರಿಗೆ ಸಮಾಧಾನ ಹೇಳಿ ನೋಡಿಕೊಳ್ಳುವ ವ್ಯವಸ್ಥೆ ಹಳ್ಳಿಗಳಲ್ಲಿ ಇರಲಿಲ್ಲ. ಅದು ದೇಹದೊಳಗೆ ಎಲ್ಲೆಲ್ಲಿಗೋ ಓಡಾಡುತ್ತದೆ ಅನ್ನುವ ಸುದ್ದಿ ಊರೂರಿಗೆ ಹಬ್ಬಿತು. ಕೆಲವೇ ವರ್ಷಗಳಲ್ಲಿ ಲೂಪ್ ಕೇಳುವವರು ಕಡಿಮೆಯಾದರು. ವಂಕಿ ಅಂದರೆ ಈಗಲೂ ಕೆಲವು ಅಜ್ಜಿಯರು ಮುಖ ಸಿಂಡರಿಸುವುದಕ್ಕೆ ಆ ಕಾಲದ ನೆನಪು ಕಾರಣ.

ಆಗ ಸರ್ಕಾರದ ಕಣ್ಣು ಬಿದ್ದದ್ದು ವ್ಯಾಸೆಕ್ಟಮಿ ಮೇಲೆ, ಅಂದರೆ ಗಂಡಸರ ಆಪರೇಷನ್ ಮೇಲೆ. ಹೊಟ್ಟೆ ತೆರೆಯಬೇಕಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಿಲ್ಲ, ದೊಡ್ಡ ಆಸ್ಪತ್ರೆ ಬೇಕಿಲ್ಲ. ಆಗಿನ ಹಳ್ಳಿ ಆಸ್ಪತ್ರೆಗಳಲ್ಲಿ ಹೆಂಗಸರ ಹೊಟ್ಟೆಯ ಆಪರೇಷನ್ ಮಾಡುವಷ್ಟು ಸೌಕರ್ಯವೇ ಇರಲಿಲ್ಲ. ಗೋಡೆಗಳ ಮೇಲೆ ಕೆಂಪು ತ್ರಿಕೋನ ಬಂತು. ನಾವಿಬ್ಬರು ನಮಗಿಬ್ಬರು ಅನ್ನುವ ಮಾತು ಬಂತು. ಆರತಿಗೊಬ್ಬಳು ಕೀರ್ತಿಗೊಬ್ಬ ಅನ್ನುವುದು ನಮ್ಮಲ್ಲಿ ಮನೆಮಾತಾಯಿತು.

ಕೇರಳದ ಎರ್ನಾಕುಲಂನಲ್ಲಿ 1971ರ ಜುಲೈನಲ್ಲಿ ನಡೆದ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಆಪರೇಷನ್‌ಗಳಾದವು. ಹೆಚ್ಚುಕಡಿಮೆ ಎಲ್ಲವೂ ಗಂಡಸರದು. ಜಾತ್ರೆಯ ಹಾಗೆ ಜನ ಬಂದರು. ಹೋಗುವಾಗ ಅವರ ಕೈಯಲ್ಲಿ ದುಡ್ಡು, ಬಟ್ಟೆ, ಅಕ್ಕಿ. ಉಳಿದ ರಾಜ್ಯಗಳೂ ಅದೇ ಮಾದರಿ ಹಿಡಿದವು. 1972-73ರಲ್ಲಿ ದೇಶದಲ್ಲಿ ಆದ ಸುಮಾರು 31 ಲಕ್ಷ ಆಪರೇಷನ್‌ಗಳಲ್ಲಿ 26 ಲಕ್ಷ ಗಂಡಸರದು.

ಇದನ್ನು ಚಿನ್ನದ ಕಾಲ ಅಂತ ಹೊಗಳಬೇಕಿಲ್ಲ. ಬಂದವರಲ್ಲಿ ಬಡವರೇ ಹೆಚ್ಚು, ಹಣದ ಆಸೆಗೆ ಬಂದವರೂ ಇದ್ದರು. ಆದರೂ ಒಂದು ಮಾತು ಇದರಿಂದ ಖಚಿತವಾಗುತ್ತದೆ. 'ನಮ್ಮ ಗಂಡಸರು ಒಪ್ಪುವುದಿಲ್ಲ, ಅದು ನಮ್ಮ ಸಂಸ್ಕೃತಿಯಲ್ಲೇ ಇಲ್ಲ' ಅನ್ನುವುದು ಸುಳ್ಳು. ಲಕ್ಷಗಟ್ಟಲೆ ಗಂಡಸರು ಒಪ್ಪಿದ್ದರು. ಹೊಲಕ್ಕೆ ಹೋದರು, ಮೂಟೆ ಹೊತ್ತರು, ಸಂಸಾರ ಮಾಡಿದರು.

ಹಿಡಿದು ತಂದ ಎರಡು ವರ್ಷ

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. 1976ರ ಏಪ್ರಿಲ್‌ನಲ್ಲಿ ಆರೋಗ್ಯ ಮಂತ್ರಿ ಕರಣ್ ಸಿಂಗ್ ಹೊಸ ಜನಸಂಖ್ಯಾ ನೀತಿ ಪ್ರಕಟಿಸಿದರು. ಎರಡು ಮಕ್ಕಳಾದ ಮೇಲೆ ಮಾಡಿಸಿಕೊಂಡರೆ 150 ರೂಪಾಯಿ, ಮೂರಾದ ಮೇಲೆ 100, ನಾಲ್ಕು ಅಥವಾ ಹೆಚ್ಚಾದರೆ 70. ಕಾಗದದ ಮೇಲೆ ಇದು ಪ್ರೋತ್ಸಾಹ ಧನ. ನೆಲದ ಮೇಲೆ ನಡೆದದ್ದು ಬೇರೆ. ಸಂಜಯ್ ಗಾಂಧಿಯವರ ಒತ್ತಡ, ರಾಜ್ಯಕ್ಕಿಷ್ಟು, ಜಿಲ್ಲೆಗಿಷ್ಟು, ಮೇಷ್ಟ್ರಿಗಿಷ್ಟು, ಪೊಲೀಸರಿಗಿಷ್ಟು ಅಂತ ಟಾರ್ಗೆಟ್. ಟಾರ್ಗೆಟ್ ಮುಟ್ಟದವರ ಸಂಬಳ ನಿಲ್ಲಿಸಿದರು. ಸಂಬಳ ನಿಂತ ಮೇಷ್ಟ್ರು ಯಾರನ್ನಾದರೂ ಕರೆತರಲೇಬೇಕಾಯಿತು.

1976ರ ನವೆಂಬರ್‌ನಲ್ಲಿ ಹರಿಯಾಣದ ಉಟಾವರ್ ಎಂಬ ಹಳ್ಳಿಯನ್ನು ಬೆಳಗಾಗುವ ಮೊದಲೇ ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದು ಒಯ್ದರು. ಅವರಲ್ಲಿ ಅನೇಕರಿಗೆ ಆಪರೇಷನ್ ಮಾಡಿಸಿದರು. ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ಆ ಹಣಕಾಸು ವರ್ಷ, 1976-77ರಲ್ಲಿ, ದೇಶದಲ್ಲಿ ಆದ ಆಪರೇಷನ್ 82 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಮುಂದೆ ಷಾ ಆಯೋಗ ಈ ದೌರ್ಜನ್ಯಗಳನ್ನೆಲ್ಲ ದಾಖಲೆ ಮಾಡಿತು.

ಬಲವಂತ ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ ನಡೆಯಿತು. 1977ರ ಚುನಾವಣೆಯಲ್ಲಿ ಅಲ್ಲೆಲ್ಲ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಗೆದ್ದಿತು. ಆದರೂ ಸುದ್ದಿಗೆ ರಾಜ್ಯದ ಗಡಿ ಇಲ್ಲ. ಹಿಡಿದುಕೊಂಡು ಹೋಗಿ ಕತ್ತರಿಸುತ್ತಾರೆ ಅನ್ನುವ ಭಯ ನಮ್ಮ ಹಳ್ಳಿಗಳಿಗೂ ಬಂತು.

ಮರುವರ್ಷ, 1977-78ರಲ್ಲಿ, ಗಂಡಸರ ಆಪರೇಷನ್ 62 ಲಕ್ಷದಿಂದ 2 ಲಕ್ಷಕ್ಕಿಂತ ಕೆಳಗಿಳಿಯಿತು. ಇಲಾಖೆಯ ಹೆಸರು ಕುಟುಂಬ ಯೋಜನೆ ಹೋಗಿ ಕುಟುಂಬ ಕಲ್ಯಾಣ ಆಯಿತು. ಗಂಡಸರ ಸಾಲು ಅವತ್ತು ಒಡೆದದ್ದು, ಮತ್ತೆ ಕೂಡಲಿಲ್ಲ.

ಭಾರ ಹೆಂಗಸರ ಮೇಲೆ ಬಿತ್ತು

ಗಂಡಸರ ತಂಟೆಗೆ ಹೋದರೆ ಓಟು ಹೋಗುತ್ತದೆ ಅನ್ನುವುದನ್ನು ಎಲ್ಲ ಪಕ್ಷಗಳೂ ಕಲಿತವು. ಆದರೆ ಟಾರ್ಗೆಟ್ ಮಾತ್ರ ಹೋಗಲಿಲ್ಲ. ಅದೇ ಹೊತ್ತಿಗೆ ಲ್ಯಾಪರೋಸ್ಕೋಪ್ ಬಂತು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕೊಳವೆ ಇಳಿಸಿ, ಅಂಡನಾಳಕ್ಕೆ ಉಂಗುರ ಹಾಕುವುದು. ಒಂದೇ ದಿನ ಹತ್ತಾರು ಹೆಂಗಸರಿಗೆ ಮಾಡಬಹುದು. ಗಂಡಸರ ಶಿಬಿರ ಇದ್ದ ಜಾಗಕ್ಕೆ ಹೆಂಗಸರ ಶಿಬಿರ ಬಂತು. 1980ರ ದಶಕ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಆಪರೇಷನ್ ಹೆಂಗಸರದು.

ಇನ್ನೂ ಎರಡು ಕಾರಣಗಳನ್ನು ನಾವು ಊರಲ್ಲೇ ನೋಡುತ್ತೇವೆ. ಮೊದಲನೆಯದು, ಮನೆ ಮನೆಗೆ ಹೋಗಿ ಈ ವಿಷಯ ಮಾತಾಡುವವರು ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆ. ಅವರು ಮಾತಾಡುವುದು ಹೆಂಗಸರ ಜೊತೆ. ಗಂಡಸರನ್ನು ಕೂರಿಸಿಕೊಂಡು ಈ ಮಾತು ಆಡುವವರು ಯಾರೂ ಇಲ್ಲ. ಎರಡನೆಯದು, ಹೆರಿಗೆ ಈಗ ಆಸ್ಪತ್ರೆಯಲ್ಲಿ. ಎರಡನೇ ಹೆರಿಗೆಗೆ ಬಂದವಳು ಹೇಗೂ ಹಾಸಿಗೆ ಮೇಲಿದ್ದಾಳೆ, ಸಿಸೇರಿಯನ್ ಆದರಂತೂ ಹೊಟ್ಟೆ ತೆರೆದೇ ಇದೆ. 'ಒಟ್ಟಿಗೇ ಮುಗಿಸಿಬಿಡೋಣ' ಅನ್ನುವ ಮಾತು ಸಲೀಸಾಗಿ ಬರುತ್ತದೆ. ಅತ್ತೆ ಹೇಳುತ್ತಾರೆ, "ಅವನು ದುಡಿಯೋ ಗಂಡ್ಸು, ಭಾರ ಎತ್ತೋನು. ಅವನಿಗ್ಯಾಕವ್ವ ಕತ್ರಿ? ನೀನೇ ಮಾಡಿಸ್ಕೊಂಡ್ಬಿಡು." ಸೊಸೆ ನಾಟಿ ಮಾಡುವುದು, ಕಳೆ ಕೀಳುವುದು, ಕೊಡ ಹೊರುವುದು ಭಾರದ ಲೆಕ್ಕಕ್ಕೆ ಬರುವುದಿಲ್ಲ.

ಶಿಬಿರಗಳ ಗಡಿಬಿಡಿಯ ಬೆಲೆಯನ್ನೂ ಹೆಂಗಸರೇ ತೆತ್ತರು. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ರಾತ್ರಿ ಹೊತ್ತು ಟಾರ್ಚ್ ಬೆಳಕಿನಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದರು. ಶಾಲೆಯ ಡೆಸ್ಕುಗಳೇ ಆಪರೇಷನ್ ಟೇಬಲ್. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಕೆಲವೇ ಗಂಟೆಗಳಲ್ಲಿ ಒಬ್ಬರೇ ವೈದ್ಯರು 83 ಹೆಂಗಸರಿಗೆ ಆಪರೇಷನ್ ಮಾಡಿದರು. ಅವರಲ್ಲಿ 13 ಮಂದಿ ಸತ್ತರು. ಮನೆಯಲ್ಲಿ ಹಾಲು ಕುಡಿಯುವ ಮಕ್ಕಳನ್ನು ಬಿಟ್ಟು ಬಂದಿದ್ದ ತಾಯಂದಿರು ಅವರು.

ಅರರಿಯಾ ಪ್ರಕರಣವನ್ನು ದೇವಿಕಾ ಬಿಸ್ವಾಸ್ ಸುಪ್ರೀಂ ಕೋರ್ಟಿಗೆ ಒಯ್ದರು. 2016ರ ಸೆಪ್ಟೆಂಬರ್ 14ರಂದು ತೀರ್ಪು ಬಂತು. ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕು, ಟಾರ್ಗೆಟ್ ಹೆಸರಲ್ಲಿ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ, ಆಪರೇಷನ್ನಿನ ಪರಿಣಾಮಗಳನ್ನು ಅವರವರ ಭಾಷೆಯಲ್ಲಿ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂತ ಕೋರ್ಟು ಹೇಳಿತು. ಕಾಗದದ ಮೇಲೆ ಟಾರ್ಗೆಟ್ ರದ್ದಾದದ್ದು 1996ರಲ್ಲೇ. ಕೋರ್ಟು ಇಪ್ಪತ್ತು ವರ್ಷದ ನಂತರ ಮತ್ತೆ ಹೇಳಬೇಕಾಯಿತು.

ತಡವಾಗಿ ಬಂದ ಸುಲಭದ ದಾರಿ

ಈ ಕಥೆಯಲ್ಲಿ ಕಾಲದ ಒಂದು ವಿಚಿತ್ರವಿದೆ. 1974ರಲ್ಲಿ, ಅಂದರೆ ತುರ್ತು ಪರಿಸ್ಥಿತಿಗೆ ಒಂದು ವರ್ಷ ಮೊದಲು, ಚೀನಾದ ವೈದ್ಯ ಲಿ ಷುನ್‌ಚಿಯಾಂಗ್ ಗಂಡಸರ ಆಪರೇಷನ್ನಿಗೆ ಹೊಸ ವಿಧಾನ ಕಂಡುಹಿಡಿದರು. ಬ್ಲೇಡಿನಿಂದ ಕೊಯ್ಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಅದೇ ಈಗ ನಮ್ಮ ಆಸ್ಪತ್ರೆಗಳಲ್ಲಿ ಎನ್‌ಎಸ್‌ವಿ ಅನ್ನುವುದು. ಅದು ನಮ್ಮ ದೇಶಕ್ಕೆ ಬರುವ ಹೊತ್ತಿಗೆ 1990ರ ದಶಕ. ಅಷ್ಟರಲ್ಲಿ ಗಂಡಸರು ಮುಖ ತಿರುಗಿಸಿಯಾಗಿತ್ತು. ಹಳೆಯ ಕತ್ತರಿಯ ಭಯವೇ ಊರಲ್ಲಿ ಉಳಿದಿತ್ತು, ಕತ್ತರಿಯೇ ಬೇಡದ ವಿಧಾನದ ಸುದ್ದಿ ತಲುಪಲಿಲ್ಲ.

ಎನ್‌ಎಸ್‌ವಿಯಲ್ಲಿ ಮಾಡುವುದು ಇಷ್ಟೇ. ವೃಷಣದ ಚೀಲದ ಚರ್ಮ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಂದು ಸಣ್ಣ ತೂತು ಮಾಡಿ, ವೀರ್ಯಾಣು ಬರುವ ಎರಡು ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. 10ರಿಂದ 20 ನಿಮಿಷದ ಕೆಲಸ. ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ, ಭಾರದ ಕೆಲಸಕ್ಕೂ ಸೈಕಲ್ಲಿಗೂ ಒಂದು ವಾರ ಬಿಡುವು.

'ಶಕ್ತಿ ಹೋಗುತ್ತದೆ' ಅನ್ನುವುದಕ್ಕೆ ಉತ್ತರ ದೇಹದಲ್ಲೇ ಇದೆ. ಗಂಡಸುತನಕ್ಕೆ ಬೇಕಾದ ಹಾರ್ಮೋನು ರಕ್ತದಲ್ಲಿ ಹೋಗುತ್ತದೆ, ಆ ನಾಳದಲ್ಲಿ ಅಲ್ಲ. ನಾಳ ಕಟ್ಟಿದರೆ ನಿಲ್ಲುವುದು ವೀರ್ಯಾಣು ಮಾತ್ರ. ಮೀಸೆ, ಬಲ, ಆಸೆ, ಸುಖ ಎಲ್ಲ ಮೊದಲಿನ ಹಾಗೆಯೇ. ಆದರೆ ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿವರೆಗೆ ನಿರೋಧ್ ಬಳಸಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಸರಿಯಾಗಿದೆ ಅಂತ ಗೊತ್ತಾದ ಮೇಲೆಯೇ ನಿಶ್ಚಿಂತೆ. ಇದನ್ನು ಯಾರೂ ಬಿಡಿಸಿ ಹೇಳದೆ ಹೋದಾಗ ಹೆಂಡತಿ ಗರ್ಭಿಣಿಯಾಗುತ್ತಾಳೆ. ಆಮೇಲೆ ಊರು ಆಪರೇಷನ್ನನ್ನೂ ಬೈಯುತ್ತದೆ, ಅವಳನ್ನೂ ಅನುಮಾನಿಸುತ್ತದೆ.

ಹೆಂಗಸರ ಆಪರೇಷನ್ ಹೊಟ್ಟೆಯೊಳಗಿನದು. ಹೆರಿಗೆಯಾದ ಏಳು ದಿನದೊಳಗೆ ಅಥವಾ ಆರು ವಾರದ ನಂತರ ಮಾಡುತ್ತಾರೆ. ಸರಿಯಾದ ಆಸ್ಪತ್ರೆಯಲ್ಲಿ, ಅನುಭವ ಇರುವವರು ಮಾಡಿದರೆ ಅದೂ ಸುರಕ್ಷಿತವೇ. ಕೋಟ್ಯಂತರ ಹೆಂಗಸರಿಗೆ ಅದರಿಂದ ನೆಮ್ಮದಿ ಸಿಕ್ಕಿದೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗಂಡಸರದು ಚಿಕ್ಕದು, ಅಪಾಯ ಕಡಿಮೆ, ವಿಫಲವಾಗುವ ಸಂಭವವೂ ಕಡಿಮೆ. ಎರಡರಲ್ಲೂ ಮತ್ತೆ ಮಕ್ಕಳು ಬೇಕೆಂದರೆ ನಾಳ ಜೋಡಿಸುವುದು ಕಷ್ಟ, ಜೋಡಿಸಿದರೂ ಫಲದ ಖಾತರಿ ಇಲ್ಲ.

ಹಾಗಾಗಿ ಸಂಪೂರ್ಣ ಗಟ್ಟಿ ಮನಸ್ಸು ಇಲ್ಲದವರಿಗೆ, ಅದರಲ್ಲೂ ಇಪ್ಪತ್ತೈದು ದಾಟದ ತಾಯಂದಿರಿಗೆ, ಕಾಪರ್ ಟಿ ಇದೆ. ಇದು 1965ರ ಪ್ಲಾಸ್ಟಿಕ್ ಲೂಪ್ ಅಲ್ಲ, ತಾಮ್ರ ಸುತ್ತಿದ ಬೇರೆ ಸಾಧನ. 380ಎ ಅನ್ನುವ ನಮೂನೆ ಒಮ್ಮೆ ಹಾಕಿದರೆ 10 ವರ್ಷ ಕೆಲಸ ಮಾಡುತ್ತದೆ. ಹೆರಿಗೆಯಾದ 48 ಗಂಟೆಯೊಳಗೂ ಹಾಕಬಹುದು, ಬೇಡವೆಂದಾಗ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚಿರಬಹುದು. ನಲವತ್ತರ ಹತ್ತಿರ ಇರುವವರು ಒಮ್ಮೆ ಹಾಕಿಸಿಕೊಂಡರೆ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಅದೇ ಸಾಕಾಗಬಹುದು. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ 'ಅಂತರಾ' ಇಂಜೆಕ್ಷನ್, ಲಖನೌದ ನಮ್ಮದೇ ವಿಜ್ಞಾನಿಗಳು ಕಂಡುಹಿಡಿದ ಹಾರ್ಮೋನಿಲ್ಲದ 'ಛಾಯಾ' ಮಾತ್ರೆ ಕೂಡ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ.

ಈ ಚರಿತ್ರೆ ನಮಗೆ ಹೇಳುವುದು

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ 'ವ್ಯಾಸೆಕ್ಟಮಿ ಪಾಕ್ಷಿಕ' ಅಂತ ಆರೋಗ್ಯ ಇಲಾಖೆಯಿಂದ ನಮಗೆ ಪ್ರಕಟಣೆ ಬರುತ್ತದೆ. ನಾವು ನಾಲ್ಕು ಸಾಲಿನ ಸುದ್ದಿ ಮಾಡುತ್ತೇವೆ. ವೇದಿಕೆ ಮೇಲೆ ಸಾಹೇಬರು ದೀಪ ಹಚ್ಚುತ್ತಾರೆ, ಕೆಳಗೆ ಕುರ್ಚಿಯಲ್ಲಿ ಕೂತವರು ಆಶಾ ಕಾರ್ಯಕರ್ತೆಯರು. ಗಂಡಸರ ವಿಷಯ ಕೇಳಲು ಗಂಡಸರೇ ಇರುವುದಿಲ್ಲ. ಗಂಡಸರಿಗೆ ಕೊಡುವ ಪರಿಹಾರದ ಹಣ ಹೆಂಗಸರಿಗೆ ಕೊಡುವುದಕ್ಕಿಂತ ಹೆಚ್ಚು. ಆದರೂ ಸೊನ್ನೆ ಅಳಿಸಿಲ್ಲ. ಬಲವಂತದಿಂದ ಹುಟ್ಟಿದ ಭಯ ಹಣದಿಂದ ಹೋಗುವುದಿಲ್ಲ.

ಹಾಗಂತ ಗಂಡಸರನ್ನು ಮತ್ತೆ ಒತ್ತಾಯಿಸಬೇಕು ಅಂತ ನಾವು ಹೇಳುವುದಿಲ್ಲ. ತೊಂಬತ್ತು ವರ್ಷದ ಈ ಕಥೆಯಲ್ಲಿ ತಪ್ಪಾದಲ್ಲೆಲ್ಲ ಕಾರಣ ಒಂದೇ: ದಂಪತಿಯ ಪರವಾಗಿ ಬೇರೆಯವರು ತೀರ್ಮಾನ ಮಾಡಿದರು. ಒಮ್ಮೆ ಮಂತ್ರಿ, ಒಮ್ಮೆ ಪೊಲೀಸು, ಒಮ್ಮೆ ಟಾರ್ಗೆಟ್. ಈಗ ರೂಢಿ. ರೂಢಿ ಜೋರು ಮಾಡುವುದಿಲ್ಲ, ಸುಮ್ಮನೆ ಹೆಂಡತಿಯ ಕಡೆ ಬೆರಳು ತೋರಿಸುತ್ತದೆ.

2019-21ರ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಸರ್ಕಾರ ಒಂದು ಕಾಲದಲ್ಲಿ ಹೆದರಿದ ಜನಸಂಖ್ಯೆಯ ಭಯ ಇಲ್ಲಿ ಮುಗಿದಿದೆ. ಇನ್ನು ಉಳಿದಿರುವುದು ನಿಮ್ಮ ಸಂಸಾರದ ಅನುಕೂಲ. ಅವಸರ ಮಾಡಬೇಕಾದ ಕಾರಣ ಯಾರಿಗೂ ಇಲ್ಲ.

ಆದ್ದರಿಂದ ಎರಡನೇ ಹೆರಿಗೆಯ ನೋವು ಶುರುವಾದ ಮೇಲೆ ಅಲ್ಲ, ಏಳನೇ ತಿಂಗಳಲ್ಲೇ ಇಬ್ಬರೂ ಕೂತು ಮಾತಾಡಿ. ಪಿಎಚ್‌ಸಿಗೆ ಇಬ್ಬರೂ ಹೋಗಿ. ಎಲ್ಲ ವಿಧಾನಗಳನ್ನೂ ತೋರಿಸಿ ಅಂತ ಕೇಳಿ. ಎನ್‌ಎಸ್‌ವಿ ಯಾವ ಆಸ್ಪತ್ರೆಯಲ್ಲಿ, ಯಾವ ದಿನ ಮಾಡುತ್ತಾರೆ ಅಂತ ಗಂಡನೇ ಬಾಯಿಬಿಟ್ಟು ಕೇಳಲಿ. ಒಪ್ಪಿಗೆ ಪತ್ರವನ್ನು ಓದಿಸಿಕೊಂಡೇ ಸಹಿ ಹಾಕಿ. ಸರ್ಕಾರದ ನಿಯಮದ ಪ್ರಕಾರ ಮಾಡಿಸಿಕೊಳ್ಳುವವರ ಸಹಿ ಸಾಕು, ಗಂಡನ ಸಹಿ ಇಲ್ಲದಿದ್ದರೆ ಆಗುವುದಿಲ್ಲ ಅಂತ ಹೆಂಡತಿಯನ್ನು ವಾಪಸ್ ಕಳಿಸುವ ಹಾಗಿಲ್ಲ. ಆಪರೇಷನ್ ಆದ ಮೇಲೆ ಕೊಡುವ ಪ್ರಮಾಣಪತ್ರವನ್ನು ರೇಷನ್ ಕಾರ್ಡಿನ ಜೊತೆ ತೆಗೆದಿಡಿ. ಮುಂದೆ ಮುಟ್ಟು ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಪರೇಷನ್ ವಿಫಲವಾದರೆ, ತೊಂದರೆಯಾದರೆ ಸರ್ಕಾರದಿಂದ ಪರಿಹಾರ ಕೇಳುವ ಹಕ್ಕಿದೆ, ಆ ಕಾಗದ ಆಗ ಬೇಕಾಗುತ್ತದೆ.

ಎಲ್ಲ ಕೇಳಿ ತಿಳಿದ ಮೇಲೆ ಹೆಂಡತಿಯೇ 'ನಾನೇ ಮಾಡಿಸಿಕೊಳ್ಳುತ್ತೇನೆ' ಅಂದರೆ ಅದು ಅವಳ ತೀರ್ಮಾನ, ಅದಕ್ಕೆ ಮರ್ಯಾದೆ ಇದೆ. ಆದರೆ ಆ ಮಾತಿಗೆ ಮೊದಲು ಗಂಡ ಒಂದು ಸಲ "ನಾನು ಮಾಡಿಸಿಕೊಳ್ಳಲಾ?" ಅಂತ ಕೇಳಿರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಐವತ್ತು ವರ್ಷದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲ.